ಎಡ ಮೊಣಕಾಲಿನ ಬಲೆ

ಆ ಶನಿವಾರ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ನನ್ನ ಕಪ್ಪು ಜೀನ್ಸ್ ಅಂಗಳದ ಹಗ್ಗದ ಮೇಲಿತ್ತು. ಅದರ ಎಡ ಮೊಣಕಾಲಿನಲ್ಲಿ ನಾಲ್ಕು ಇಂಚಿನ ತೂತು ಇತ್ತು. ಸ್ನಾನ ಮುಗಿಸಿ ಬಂದಾಗ ಜೀನ್ಸ್ ಇತ್ತು, ತೂತು ಇರಲಿಲ್ಲ. ಇಷ್ಟು ನನಗೆ ಖಚಿತವಾಗಿ ನೆನಪಿದೆ. ಉಳಿದದ್ದನ್ನೂ ನೋಡಿದಷ್ಟೇ ಹೇಳುತ್ತೇನೆ.

ತೂತು ನಾನೇ ಮಾಡಿದ್ದು. ಮಣಿಪಾಲದ ನಮ್ಮ ಕಾಲೇಜಿನಲ್ಲಿ ಏಳು ಹುಡುಗಿಯರ ಗುಂಪೊಂದಿತ್ತು. ತಾವು ಯಾರ ಹಾಗೂ ಇರಬಾರದು ಎಂದು ಅವರು ತೀರ್ಮಾನಿಸಿದ್ದರು. ಅದಕ್ಕಾಗಿ ಏಳೂ ಮಂದಿ ಕಪ್ಪು ಜೀನ್ಸ್, ಕಪ್ಪು ಟೀ ಶರ್ಟ್ ಹಾಕುತ್ತಿದ್ದರು. ಏಳೂ ಮಂದಿಯ ಎಡ ಮೊಣಕಾಲು ಹರಿದಿರುತ್ತಿತ್ತು. ಎಂಟನೆಯವಳಾಗಬೇಕೆಂದು ನಾನು ಮೂರು ತಿಂಗಳಿಂದ ಅವರ ಪಕ್ಕದ ಟೇಬಲಿನಲ್ಲೇ ಊಟ ಮಾಡುತ್ತಿದ್ದೆ. ಕಡೆಗೆ ಕಾರ್ಕಳದಿಂದ ಬರುತ್ತಿದ್ದ ಅವರ ನಾಯಕಿ ನನ್ನನ್ನು ಕರೆದಳು.

"ನಮ್ಮಲ್ಲಿ ರೂಲ್ಸ್ ಅಂತ ಎಂತದೂ ಇಲ್ಲ ಮಾರಾಯ್ತಿ. ಬಲ ಮೊಣಕಾಲು ಮಾತ್ರ ಹರಿಯಬೇಡ."

ಶನಿವಾರ ಮೂರು ಗಂಟೆಗೆ ಕಾಪು ಬೀಚಿನಲ್ಲಿ ಗುಂಪಿನ ಫೋಟೋ. ಅದರಲ್ಲಿ ನಿಂತರೆ ನಾನು ಅವರವಳು. ಸ್ಕೇಲಿನಲ್ಲಿ ಅಳೆದು, ಅಮ್ಮ ಮೀನು ಕೊಯ್ಯುವ ಮೆಟ್ಟುಕತ್ತಿಯಲ್ಲಿ ಜೀನ್ಸ್ ಸೀಳಿದೆ. ಬಂಗುಡೆಯ ವಾಸನೆ ಅಂಟಿಕೊಂಡಿತು. ಅದನ್ನು ತೊಳೆದು ಹಗ್ಗಕ್ಕೆ ಹಾಕಿದ್ದೇ ತಪ್ಪಾಯಿತು.

ಅಪ್ಪ ಮೀನಿನ ಬೋಟಿಗೆ ಹೋಗುವವರು. ರಜೆಯ ದಿನ ಜಗಲಿಯಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾರೆ. ತೂತು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ನೀಲಿ ನೈಲಾನ್ ನೂಲಿನಲ್ಲಿ ಸಣ್ಣ ಕಣ್ಣಿನ ಬಲೆ ಹೆಣೆದು ಮೊಣಕಾಲನ್ನು ಮುಚ್ಚಿದ್ದರು. ಬಲೆಯ ತೂತಿಗೆ ನಮ್ಮಲ್ಲಿ ಕಣ್ಣು ಎನ್ನುತ್ತಾರೆ; ಕೆಳಮೂಲೆಯ ಎರಡು ಕಣ್ಣು ಮಾತ್ರ ಹಸಿರು.

"ನೀಲಿ ಮುಗಿಯಿತು," ಎಂದರು. "ಆದರೆ ಗಂಟು ಇನ್ನು ಬಿಚ್ಚುವುದಿಲ್ಲ, ಹೆದರಬೇಡ."

ಕತ್ತರಿ ತಂದೆ. ಅಪ್ಪ ನೋಡುತ್ತಿದ್ದರು. ಕತ್ತರಿ ಕೆಳಗಿಟ್ಟೆ. ನನ್ನಲ್ಲಿದ್ದ ಕಪ್ಪು ಜೀನ್ಸ್ ಅದೊಂದೇ.

ಬೀಚಿನಲ್ಲಿ ನಾಯಕಿ ಬಗ್ಗಿ ನನ್ನ ಮೊಣಕಾಲನ್ನು ಬೆರಳಿನಿಂದ ಎಳೆದು ನೋಡಿದಳು.

"ಎಂತ ಇದು?"

"ಬಲೆ."

"ಯಾವ ಅಂಗಡಿಯದ್ದು?"

"ಅಪ್ಪ ಮಾಡಿದ್ದು."

ಏಳೂ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ತಿಂಗಳ ಊಟ ವ್ಯರ್ಥವಾಯಿತು ಎಂದುಕೊಂಡೆ.

"ನಿಮ್ಮ ಮನೆ ಎಷ್ಟು ದೂರ ಉಂಟು?" ಎಂದಳು ನಾಯಕಿ.

ಐದು ನಿಮಿಷದ ದಾರಿ. ಏಳೂ ಮಂದಿಗೆ ಅಂಥದ್ದೇ ಬಲೆ ಬೇಕಿತ್ತು. ಜೀನ್ಸ್ ಬಿಚ್ಚಿ ಅಪ್ಪನಿಗೆ ಕೊಟ್ಟವರಿಗೆ ಹಾಕಿಕೊಳ್ಳಲು ಅಮ್ಮ ನೈಟಿ ಕೊಟ್ಟರು. ಸಾಲದ್ದನ್ನು ಪಕ್ಕದ ಮನೆಯಿಂದ ತಂದರು. ಅಡುಗೆಮನೆಯಲ್ಲಿ ಏಳೂ ಮಂದಿ ಹೂವಿನ ನೈಟಿ, ಚುಕ್ಕಿಯ ನೈಟಿ, ನವಿಲಿನ ನೈಟಿಯಲ್ಲಿ ಕೂತು ಚಾ ಕುಡಿದರು. ಒಬ್ಬಳ ಹಾಗೆ ಇನ್ನೊಬ್ಬಳು ಇಲ್ಲದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವರಿಗೆ ಬಹಳ ನಾಚಿಕೆಯಾಗುತ್ತಿತ್ತು.

ಜಗಲಿಯಲ್ಲಿ ಅಪ್ಪ ನನ್ನನ್ನು ಹತ್ತಿರ ಕರೆದರು. "ಪಾಪ, ಇಷ್ಟು ಮಕ್ಕಳ ಮನೆಯಲ್ಲಿ ಒಬ್ಬರಿಗೂ ಸೂಜಿ ಹಿಡಿಯಲು ಬರುವುದಿಲ್ಲವಾ?"

ನಾಯಕಿ ನವಿಲಿನ ನೈಟಿಯಲ್ಲಿ ಬಾಗಿಲಿಗೆ ಬಂದಳು. "ಅಂಕಲ್, ಮೂಲೆಯಲ್ಲಿ ಹಸಿರು ಬೇಕು."

"ಅದು ನೂಲು ಮುಗಿದು ಹಾಕಿದ್ದು ಮಗಾ. ಈಗ ನೀಲಿಯದ್ದು ಹೊಸ ಉಂಡೆ ಉಂಟು."

"ಆದರೂ ಹಸಿರೇ ಬೇಕು."

ಹಸಿರು ಸೇರಿಸಲು ಅಪ್ಪ ಹೊಸ ಉಂಡೆಯ ನೂಲನ್ನು ನಡುವೆ ಕತ್ತರಿಸಿದರು. ಅವರಿಗೆ ನೋವಾದದ್ದು ನನಗೆ ಕಾಣುತ್ತಿತ್ತು. ನನ್ನ ಸಂಕಟವೇ ಬೇರೆ ಇತ್ತು. "ಅಪ್ಪ, ಅವರದ್ದನ್ನು ಸ್ವಲ್ಪ ಬೇರೆ ಥರ ಮಾಡಿ," ಎಂದು ಪಿಸುಗುಟ್ಟಿದೆ.

"ಕಣ್ಣು ಒಂದೇ ಅಳತೆ ಇಲ್ಲದಿದ್ದರೆ ಅದು ಬಲೆಯಾ?" ಎಂದರು.

ಸೂರ್ಯ ಮುಳುಗುವ ಮೊದಲು ಎಂಟೂ ಮಂದಿ ಮರಳಿನ ಮೇಲೆ ಸಾಲಾಗಿ ನಿಂತೆವು. ಮನೆಯವರಿಗೆ ಗುರುತು ಸಿಗಬಾರದೆಂದು ಮುಖ ಬಿಟ್ಟು ಸೊಂಟದಿಂದ ಕೆಳಗಷ್ಟೇ ಫೋಟೋ. ತೆಗೆದವರು ಅಪ್ಪ. ನನ್ನ ಭುಜದ ಮೇಲೆ ನಾಯಕಿಯ ಕೈ ಇತ್ತು. ಅದು ಫೋಟೋದಲ್ಲಿ ಬಂದಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದರಲ್ಲಿ ನೀನು ಯಾವುದು?"

"ಎಡದಿಂದ ಮೂರನೆಯವಳು," ಎಂದೆ. ಆಮೇಲೆ ಫೋಟೋ ದೊಡ್ಡದು ಮಾಡಿ, ಹಸಿರು ಕಣ್ಣುಗಳನ್ನು ಒಂದೊಂದಾಗಿ ನೋಡಿ, ನಾಲ್ಕನೆಯವಳು ಎಂದು ತಿದ್ದಿದೆ.