ಹನ್ನೆರಡು ಕಯಾಕ್‌ಗಳಿಗೆ ಹಗ್ಗ ಕಟ್ಟಿದವಳು

ಪಂಪಾವತಿ ಗಂಡ ಗಿಡ್ಡಪ್ಪ ಅಂಬಿಗೇರ, ವಯಸ್ಸು ನಲವತ್ತಾರು. ತುಂಗಭದ್ರೆಯ ದಂಡೆಯಲ್ಲಿ ಹರಿಗೋಲು ಹೆಣೆಯುತ್ತಿದ್ದ ದುರಗಪ್ಪನ ಮೂರನೆಯ ಮಗಳು. ಗಂಡ ಭತ್ತದ ಗಿರಣಿಯಲ್ಲಿ ಹಮಾಲ. ಒಬ್ಬಳೇ ಮಗಳು ನೇತ್ರಾವತಿ ಕೊಪ್ಪಳದಲ್ಲಿ ನರ್ಸಿಂಗ್ ಓದುತ್ತಾಳೆ. ತಂಗಿಯನ್ನು ಬೇವೂರಿಗೆ ಕೊಟ್ಟಿದೆ. ಇವರಲ್ಲಿ ಯಾರೊಬ್ಬರೂ ಪಂಪಾವತಿ ಕಾರಣವಿಲ್ಲದೆ ಸಿಟ್ಟಾದದ್ದನ್ನು ಕಂಡಿಲ್ಲ. ಕಾರಣವಿದ್ದಾಗ ನುಂಗಿಕೊಂಡದ್ದನ್ನೂ ಕಂಡಿಲ್ಲ.

ಗಂಗಾವತಿಯ ಆಚೆ, ಬಂಡೆಗುಡ್ಡಗಳ ನಡುವಿನ ಕೆರೆಯಲ್ಲಿ ವಿರುಪಾಕ್ಷಿ ಎಂಬಾತ ಹನ್ನೆರಡು ಕಯಾಕ್ ಇಳಿಸಿದ. ಒಬ್ಬರೇ ಕೂತು ಹುಟ್ಟು ಹಾಕುವ, ಮೀನಿನಂತೆ ಉದ್ದನೆಯ ಪ್ಲಾಸ್ಟಿಕ್ ದೋಣಿಗಳು. ಅವುಗಳ ಅಂಚಿನ ಗುಂಟ ಸಣ್ಣ ಕಿವಿಗಳಿರುತ್ತವೆ. ಅವುಗಳಲ್ಲಿ ಪೋಣಿಸಿ ಮೂತಿಯಿಂದ ಬಾಲದವರೆಗೆ ಎರಡೂ ಬದಿಗೆ ಹಗ್ಗ ಕಟ್ಟಬೇಕು. ನೋಡುವವರಿಗೆ ಅದು ಅಲಂಕಾರ. ದೋಣಿ ಮಗುಚಿ ನೀರಿಗೆ ಬಿದ್ದವನಿಗೆ ಅದೊಂದೇ ಹಿಡಿಕೆ, ಏಕೆಂದರೆ ಒದ್ದೆ ಪ್ಲಾಸ್ಟಿಕ್ಕಿನ ಬೆನ್ನು ಯಾರ ಕೈಗೂ ನಿಲ್ಲುವುದಿಲ್ಲ. ಹಗ್ಗ ಕಟ್ಟಬಲ್ಲವರು ಯಾರೆಂದು ವಿರುಪಾಕ್ಷಿ ಕೇಳಿದಾಗ ಊರವರು ದುರಗಪ್ಪನ ಮಗಳ ಮನೆ ತೋರಿಸಿದರು.

ಮೊದಲ ವಾರವೇ ಅವಳು ತಪ್ಪಿದಳು. "ಒಣಾ ಇದ್ದಾಗ ಒಂದು ಬೆರಳು ಸಡ್ಲ ಬಿಡವ್ವಾ, ನೀರು ತಾನ ಬಿಗಿ ಮಾಡತೈತಿ" ಎಂದು ಅಪ್ಪ ಕಲಿಸಿದ್ದ. ತಾವರಗೇರಾ ಸಂತೆಯಿಂದ ತರುತ್ತಿದ್ದ ಪುಂಡಿನಾರಿಗೆ ಆ ಮಾತು ಸತ್ಯ. ನೆನೆದ ನಾರು ಉಬ್ಬಿ ಬಿಗಿಯುತ್ತದೆ. ಸಡಿಲ ಬಿಡದಿದ್ದರೆ ಹರಿಗೋಲಿನ ಬಿದಿರನ್ನೇ ಮುರಿಯುತ್ತದೆ. ಕಯಾಕಿಗೆ ಕಟ್ಟಿದ್ದು ನೈಲಾನು, ಅದರ ಗುಣ ತದ್ವಿರುದ್ಧ. ನೆನೆದಷ್ಟೂ ಅದು ಜಗ್ಗುತ್ತದೆ. ಅವಳು ಬಿಟ್ಟ ಒಂದು ಬೆರಳು ಕೆರೆಯಲ್ಲಿ ಒಂದು ಗೇಣಾಯಿತು. ಹುಬ್ಬಳ್ಳಿಯಿಂದ ಬಂದಿದ್ದ ಹುಡುಗಿಯೊಬ್ಬಳ ಕಯಾಕ್ ಮಗುಚಿದಾಗ, ಜೋತುಬಿದ್ದ ಹಗ್ಗದೊಳಗೆ ಅವಳ ತೋಳು ಮೊಣಕೈವರೆಗೆ ತೂರಿ ಸಿಕ್ಕಿಕೊಂಡಿತು. ಕಾವಲಿಗಿದ್ದ ಈಜುಗಾರ ಅಬ್ದುಲಸಾಬ ಹಾರಿ ಬಿಡಿಸಿ ತಂದ.

ಹುಡುಗಿ ದಡದಲ್ಲಿ ಕೆಮ್ಮುತ್ತ ಕೂತಿದ್ದಾಗ, ಸೇರಿದವರೆಲ್ಲರ ಮುಂದೆ ಪಂಪಾವತಿ ಹೇಳಿದಳು: "ಕಟ್ಟಿದಾಕಿ ನಾನು. ತಪ್ಪು ನಂದು."

ಆಮೇಲೆ ಅಬ್ದುಲಸಾಬ ಅವಳನ್ನು ಬದಿಗೆ ಕರೆದ. "ಯಕ್ಕಾ, ಹಗ್ಗ ಖರಾಬ ಇತ್ತು ಅಂದಿದ್ರ ಮುಗೀತಿತ್ತಲ್ಲ. ಯಾರು ಕೇಳತಿದ್ರು?"

"ಹಗ್ಗಕ್ಕ ಬಾಯಿಲ್ಲಂತ ಅದರ ಮ್ಯಾಲ ಹಾಕಲೇನೋ?"

ಹನ್ನೆರಡೂ ಕಯಾಕ್‌ಗಳ ಹಗ್ಗವನ್ನು ಅವಳು ಅಂದೇ ಬಿಚ್ಚಿದಳು. ಒಂದು ತುಂಡನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಕಲ್ಲು ಕಟ್ಟಿ ತೂಗುಬಿಟ್ಟು, ಎಷ್ಟು ಜಗ್ಗುತ್ತದೆಂದು ಗೇಣಿನಿಂದ ಅಳೆದಳು. ಮರುದಿನದಿಂದ ನೈಲಾನನ್ನು ನೆನೆಸಿ, ಜಗ್ಗಿಸಿಯೇ ಕಟ್ಟತೊಡಗಿದಳು. ನಾಲ್ಕು ಬೆರಳು ಹೋಗಬೇಕು, ಮಣಿಕಟ್ಟು ಹೋಗಬಾರದು: ಅದೇ ಅವಳ ಅಳತೆ. ಪ್ರತಿ ಸೋಮವಾರ ಕಣ್ಣು ಮುಚ್ಚಿಕೊಂಡು ಹಗ್ಗದ ಉದ್ದಕ್ಕೂ ಬೆರಳಾಡಿಸುವಳು. ಕಿವಿಯ ಹತ್ತಿರ ಸವೆದ ಎಳೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಬಿಚ್ಚಿದ ತುದಿಗಳನ್ನು ಮೇಣದಬತ್ತಿಯಲ್ಲಿ ಸುಟ್ಟು ಅಂಟಿಸುವಳು. ನಮ್ಮ ಸೀಮೆಯ ಬಿಸಿಲು ಹಗ್ಗವನ್ನು ನೀರಿಗಿಂತ ಬೇಗ ತಿನ್ನುತ್ತದೆಂದು ದೋಣಿಗಳನ್ನು ಬೋರಲು ಹಾಕಿ ಗೋಣಿತಟ್ಟು ಹೊದಿಸುವಳು. ಆರು ವರ್ಷ ಆ ಕೆರೆಯಲ್ಲಿ ಯಾರ ಕೈಯೂ ಸಿಕ್ಕಲಿಲ್ಲ, ಯಾರ ಕೈಯಿಂದಲೂ ಹಗ್ಗ ಜಾರಲಿಲ್ಲ.

ಈ ವರ್ಷ ಮಾಘದಲ್ಲಿ ತಂಗಿಯ ಮಗಳ ಮದುವೆಗೆಂದು ಬೇವೂರಿಗೆ ಹೋದವಳು ನಾಲ್ಕು ದಿನಕ್ಕೆ ತಿರುಗಿ ಬಂದಳು. ಕಯಾಕ್‌ಗಳ ಮೇಲೆ ಗುಲಾಬಿ, ಹಳದಿ, ಗಿಳಿಹಸಿರಿನ ಹೊಸ ಹಗ್ಗಗಳು ಕೂತಿದ್ದವು. ಅವಳು ಕಟ್ಟಿದ್ದ ಗಟ್ಟಿ ನೈಲಾನನ್ನು ಕತ್ತರಿಸಿ ಗೇಟಿನ ಫ್ಲೆಕ್ಸ್ ಬಿಗಿದಿದ್ದರು. ಆ ಫ್ಲೆಕ್ಸಿನಲ್ಲಿ ಇಳಕಲ್ ಸೀರೆ ಉಡಿಸಿ ತೆಗೆದಿದ್ದ ಅವಳದೇ ಫೋಟೋ ಇತ್ತು.

"ಹೆಂಗೈತಿ ಪಂಪವ್ವಾ? ಫೋಟೋದಾಗ ಹೆಂಗ ಮಿಂಚತಾವು ನೋಡು!" ವಿರುಪಾಕ್ಷಿ ಹಿಗ್ಗಿದ.

"ಇದು ಅರಿವಿ ಒಣಹಾಕೋ ಹಗ್ಗರೀ, ಧಣೇರ."

"ಹಗ್ಗ ಅಂದ್ರ ಹಗ್ಗ. ಎಲ್ಲಾರೂ ಜಾಕೆಟ್ ಹಾಕ್ಕೊಂಡಿರತಾರ, ಮುಳುಗಂಗಿಲ್ಲ."

"ತೇಲತಾರ್ರಿ. ಗಾಳಿ ಬೀಸಿದ್ರ ದೋಣಿ ಒಂದು ದಿಕ್ಕು, ಮನಶ್ಯಾ ಒಂದು ದಿಕ್ಕು. ಬಂಡೆಗಲ್ಲಿಗೆ ಹೋಗಿ ಬಡಿದ ಮ್ಯಾಲ ಜಾಕೆಟ್ ಏನ ಮಾಡತೈತಿ?"

ಬೇಸಿಗೆ ರಜೆಯ ಗದ್ದಲಕ್ಕೆ ಮುಂಚೆ ಗಟ್ಟಿ ಹಗ್ಗ ತರಿಸುವುದಾಗಿ ಅವನು ಮಾತು ಕೊಟ್ಟ. ಅವಳು ನಂಬಿದಳು. ಕೊಟ್ಟ ಮಾತನ್ನು ನಂಬುವುದು ದಡ್ಡತನವಲ್ಲ. ಕೊಟ್ಟು ಮರೆಯುವುದು ಲಫಂಗತನ. ಯುಗಾದಿ ಹೋಯಿತು, ಹಗ್ಗ ಬರಲಿಲ್ಲ. ಕೇಳಿದಾಗಲೆಲ್ಲ "ನಾಳೆ" ಬಂತು. ಏಪ್ರಿಲ್ ತಿಂಗಳ ಹೊತ್ತಿಗೆ ಆ ಬಣ್ಣದ ಹಗ್ಗವನ್ನು ಉಗುರಿನಿಂದ ಕೆರೆದರೆ ಹಿಟ್ಟು ಉದುರುತ್ತಿತ್ತು.

ರಜೆಯ ಮೊದಲ ಐತವಾರ ಬೆಳಿಗ್ಗೆ ಕೆರೆಯ ದಾರಿಯಲ್ಲಿ ಕಾರುಗಳು ಸಾಲುಗಟ್ಟಿದ್ದವು. ಪಂಪಾವತಿ ಒಂದು ದೋಣಿಗೆ ಕಾಲು ಒತ್ತಿ ಹಗ್ಗ ಎಳೆದಳು. ಅದು ಸದ್ದಿಲ್ಲದೆ ಕೈಗೆ ಬಂತು. ಆ ತುಂಡನ್ನು ಒಯ್ದು, ಮಿರ್ಚಿ ಒಗ್ಗರಣಿ ತಿನ್ನುತ್ತಿದ್ದ ವಿರುಪಾಕ್ಷಿಯ ತಟ್ಟೆಯ ಪಕ್ಕ ಇಟ್ಟಳು.

"ಇವತ್ತು ಒಂದಿನ ನಡಸಬೇ. ಮಂದಿ ನಿಂತೈತಿ. ನಾಳೆ ನೋಡೋಣು."

"ಮಂದಿ ನಿಂತೈತಿ ಅಂತನ ಹೇಳಾಕ ಬಂದೀನ್ರಿ. ಇವತ್ತು ದೋಣಿ ಇಳಸಬ್ಯಾಡ್ರಿ."

ಅವನ ಮುಖ ಕೆಂಪಾಯಿತು. "ಭಾಳ ಶ್ಯಾಣ್ಯಾಕಿ ಆಗೀದಿ. ಆವತ್ತು ಆ ಹುಡುಗಿ ಕೈ ಸಿಗಿಸಿದಾಕಿ ಯಾರು? ನೀನ ಅಲ್ಲೇನು?"

"ನಾನ. ಆಕಿ ಮಾರಿ ನನಗ ಇನ್ನೂ ನೆನಪೈತಿ. ನಿಮಗ ಐತೇನ್ರಿ?"

ಅವನು ಮಿರ್ಚಿ ಕಚ್ಚಿದ.

ಅವಳು ಶೆಡ್ಡಿನಿಂದ ಕುಡಗೋಲು ತಂದು ಮೊದಲ ಕಯಾಕಿನ ಎಡಬದಿಯ ಹಗ್ಗ ಕೊಯ್ದಳು, ಆಮೇಲೆ ಬಲಬದಿಯದು. ಎರಡನೆಯದು, ಮೂರನೆಯದು. ಐದನೆಯದಕ್ಕೆ ಬರುವಷ್ಟರಲ್ಲಿ ವಿರುಪಾಕ್ಷಿ ಎಂಜಲುಗೈಯಲ್ಲೇ ಓಡಿ ಬಂದ.

"ಏ, ತಲಿ ಕೆಟ್ಟೈತೇನ ನಿನಗ? ಇದ್ದದ್ದೂ ಹೋತಲ್ಲ!"

"ಇಲ್ಲದ ಹಗ್ಗಾನ ಯಾರೂ ನಂಬಿ ಹಿಡಿಯಂಗಿಲ್ರಿ. ಈ ಕೊಳತದ್ದನ್ನ ನಂಬಿ ಹಿಡೀತಾರ." ಮಾತಾಡುತ್ತಲೇ ಆರನೆಯದನ್ನು ಕೊಯ್ದಳು. ಕುಡಗೋಲು ಹಿಡಿದ ಹೆಂಗಸಿನ ಹತ್ತಿರ ಹೋಗಲು ಅವನಿಗೆ ಧೈರ್ಯ ಸಾಲಲಿಲ್ಲ.

ಹನ್ನೆರಡನೆಯದೂ ಮುಗಿದಾಗ ಅವನು ಅಬ್ದುಲಸಾಬನ ಕಡೆ ತಿರುಗಿದ. "ಹಂಗ ಇಳಸೋ ದೋಣಿ!"

ಅಬ್ದುಲಸಾಬ ಹುಟ್ಟುಗಳನ್ನೆಲ್ಲ ರಾಶಿ ಹಾಕಿ ಅದರ ಮೇಲೆ ಕೂತಿದ್ದ. "ಹಗ್ಗ ಇಲ್ದ ದೋಣಿ ನಾ ನೀರಿಗೆ ಬಿಡಂಗಿಲ್ರಿ ಧಣೇರ. ಬೇಕಾದ್ರ ನೀವ ಮೊದಲು ಕುಂದರ್ರಿ. ಮಗುಚಿ ಬಿದ್ರ ಎತ್ತಾಕ ನಾ ಅದೀನಲ್ಲ."

ಕಾಯುತ್ತಿದ್ದವರಲ್ಲಿ ಯಾರೋ ನಕ್ಕರು. ಅಷ್ಟೂ ಸಿಟ್ಟನ್ನು ವಿರುಪಾಕ್ಷಿ ಪಂಪಾವತಿಯ ಮೇಲೆ ಕಾರಿದ. "ನಿನ್ನ ಕೆಲಸಾ ಮುಗೀತು, ನಡಿ ಇಲ್ಲಿಂದ!"

"ನೀವು ಹೇಳೂಕಿಂತ ಮೊದಲ ಮುಗಿಸೀನ್ರಿ."

ಅವಳು ಸೆರಗು ಬಿಗಿದು ಬಸ್ಸಿನ ರಸ್ತೆ ಹಿಡಿದಳು. ತಿರುಗಿ ನೋಡಲಿಲ್ಲ.

ಪಂಪಾವತಿ ಗಂಡ ಗಿಡ್ಡಪ್ಪ ಅಂಬಿಗೇರ ಆ ದಡದಲ್ಲಿ ಬಿಟ್ಟುಹೋದದ್ದು: ಸುಟ್ಟ ಬೆರಳಿಗೆ ಹಚ್ಚಿಕೊಳ್ಳುತ್ತಿದ್ದ ಕೊಬ್ಬರಿ ಎಣ್ಣೆ, ಅರ್ಧ ಸೀಸೆ. ಉಂಗುಷ್ಟ ಹರಿದ ಒಂದು ಜೊತೆ ಚಪ್ಪಲಿ. ಚಹಾ ಕುಡಿಯುವ ಸ್ಟೀಲಿನ ಲೋಟ, ತಳದಲ್ಲಿ ಮಗಳ ಹೆಸರು ಕೊರೆಸಿದ್ದು. ಕಿವಿಗಳ ತಿರುಪು ಬಿಗಿಯುವ ಸಣ್ಣ ಸ್ಕ್ರೂಡ್ರೈವರ್. ಒಂದು ಬುಟ್ಟಿ ಬಣ್ಣದ ತುಂಡುಗಳು. ಮತ್ತು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ತಮ್ಮ ರಜೆ ಕೆಟ್ಟಿತೆಂದು ಅವಳನ್ನು ಬೈಯುತ್ತ ನಿಂತಿದ್ದ ನಲವತ್ತು ಮಂದಿ. ಅವರಲ್ಲಿ ಒಬ್ಬರ ಮೈಮೇಲೂ ಒಂದು ಹನಿ ನೀರಿರಲಿಲ್ಲ.