ಹಾಲೇಶಣ್ಣನ ಇಂಜಿನಿಯರ್‌ಗಿರಿ

ಹಾಲೇಶಣ್ಣ ಯಾವ ಕಂಪ್ಯೂಟರನ್ನೂ ಬೈಯದೆ ರಿಪೇರಿ ಮಾಡಿದವರಲ್ಲ. ಡಬ್ಬದ ಪಕ್ಕದ ತಗಡು ಬಿಚ್ಚಿ, ದೂಳನ್ನು ಉಫ್ ಎಂದು ಊದಿ, "ಏನ್ಲೇ, ಮೈ ತೊಳ್ಕಂಡು ಎಷ್ಟು ವರ್ಷ ಆತು?" ಎಂದು ವಿಚಾರಿಸುವರು. ಅದೇ ದನಿಯಲ್ಲಿ ನನ್ನ ಕಡೆ ತಿರುಗಿ, "ಟೀ ಹೇಳು ತಂಗಿ" ಎನ್ನುವರು.

ಅವರ ಅಂಗಡಿ ಹೊನ್ನಾಳಿಯಲ್ಲಿ, ನನ್ನ ಲಗ್ನಪತ್ರಿಕೆ ಅಂಗಡಿ ನ್ಯಾಮತಿಯಲ್ಲಿ. ಪಿಯುಸಿಯಲ್ಲೇ ಡುಮ್ಕಿ ಹೊಡೆದಿದ್ದರೂ ತಾವು ಇಂಜಿನಿಯರ್ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಆ ಪದ ಅಚ್ಚಾಗಬೇಕೆಂದು ನನ್ನ ಬೆನ್ನು ಬಿದ್ದಿದ್ದರು.

"ಸರ್ಟಿಫಿಕೇಟ್ ತೋರಿಸಣ್ಣ, ಹಾಕ್ತೀನಿ."

"ಎಮ್ಮೆಯ ಮುರಿದ ಕಾಲು ಕಟ್ಟಿದ್ದಕ್ಕೆ ನಮ್ಮಪ್ಪಗೆ ಊರೆಲ್ಲ ಡಾಕ್ಟ್ರು ಅಂತಿತ್ತು. ಎಮ್ಮೆ ಏನು ಸರ್ಟಿಫಿಕೇಟ್ ಕೇಳ್ತಾ?"

ಒಂದು ಆಯುಧಪೂಜೆಯ ಮರುದಿನ ನನ್ನ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಸ್ವಿಚ್ ಮುಟ್ಟಿದರೆ ಫ್ಯಾನ್ ಒಂದಿಷ್ಟು ತಿರುಗಿ ನಿಂತುಬಿಡುತ್ತಿತ್ತು. ಪತ್ರಿಕೆಗೆ ಬಳಸುವ ನನ್ನ ಹಳೆಯ ಕನ್ನಡ ಫಾಂಟುಗಳು ಹೊಸ ಯಂತ್ರಗಳಲ್ಲಿ ಮೂಡುತ್ತಿರಲಿಲ್ಲ; ಅದು ಸತ್ತರೆ ಅಂಗಡಿಗೆ ಬೀಗ. "ಇದನ್ನ ಎಬ್ಬಿಸಣ್ಣ, ಇಂಜಿನಿಯರ್ ಅಂತ ಹಾಕ್ತೀನಿ" ಎಂದುಬಿಟ್ಟೆ.

ಹಾಲೇಶಣ್ಣನ ಮೀಸೆ ಕುಣಿಯಿತು. ನನ್ನ ತಲೆಯ ಪಿನ್ನನ್ನೇ ಕೇಳಿ ಪಡೆದು, ಪವರ್ ಸಪ್ಲೈಯ ಹಸಿರು ತಂತಿಗೂ ಕರಿ ತಂತಿಗೂ ಸಿಕ್ಕಿಸಿ, "ಸಪ್ಲೈ ಗಟ್ಟಿ ಐತೆ" ಎಂದರು. ಮದರ್‌ಬೋರ್ಡಿನ ಮೇಲೆ ಟಾರ್ಚ್ ಬಿಟ್ಟು, "ಈ ಕೆಪಾಸಿಟರ್ ನೋಡು, ಹೋಳಿಗೆ ಊಟ ಮಾಡ್ದೋರಂಗೆ ಹೊಟ್ಟೆ ಉಬ್ಬರಿಸ್ಕಂಡು ಕುಂತವೆ" ಎಂದು ಬೆಸುಗೆ ಹಾಕಿ ಬದಲಿಸಿದರು. ಫ್ಯಾನ್ ತಿರುಗಿತು, ನಿಂತಿತು. ರ್‍ಯಾಮ್ ಕಿತ್ತು ಉಜ್ಜಿ ಹಾಕಿದರು. ಅದೇ ಕತೆ. ಬೈಗುಳಗಳೂ ಮುಗಿದ ಮೇಲೆ ಸ್ವಿಚ್ಚಿನ ತಂತಿಯನ್ನೇ ಬೋರ್ಡಿನಿಂದ ಕಿತ್ತು, ಅದು ಕೂರುವ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತಾಗಿಸಿದರು. ಯಂತ್ರ ಎದ್ದಿತು, ನಿಲ್ಲಲೇ ಇಲ್ಲ!

ದೋಷವಿದ್ದದ್ದು ಸ್ವಿಚ್ಚಿನಲ್ಲಿ. ಹಿಂದಿನ ದಿನ ನಮ್ಮತ್ತೆ ಕಲಸಿದ ವಿಭೂತಿಯನ್ನು ಅದರ ಮೇಲೇ ಬಳಿದಿದ್ದರು. ಅದು ಸಂದಿಗಿಳಿದು ಒಣಗಿ, ಒತ್ತಿದ ಸ್ವಿಚ್ ಬೇಗ ಮೇಲೇಳದೆ ಹಾಗೇ ಉಳಿಯುತ್ತಿತ್ತು. ಹಾಗೆ ಒತ್ತಿ ಹಿಡಿದರೆ ಯಂತ್ರ ತಾನೇ ಆರುತ್ತದೆ. "ಅದರ ಜೀವ ಇರೋದು ಅಲ್ಲೇ ಅಲ್ಲೇನಪ್ಪ?" ಎಂದರು ಅತ್ತೆ.

ನಾನು ಕಾರ್ಡಿನ ಮಾತೆತ್ತಿದೆ. ಹಾಲೇಶಣ್ಣ ಸ್ವಿಚ್ ಒರೆಸುತ್ತಾ ತಲೆಯಾಡಿಸಿದರು. "ಬ್ಯಾಡ ತಂಗಿ. ಇಬೂತಿ ಒರೆಸಿ ಇಂಜಿನಿಯರ್ ಆದ್ರೆ ನನಗೇ ನಗು ಬರ್ತತಿ. ಬೋರ್ಡು ಕೆಟ್ಟಾಗ ಹಾಕೀಯಂತೆ." ಅಂಥ ಜಂಬಗಾರ ಹೀಗೆ ಹೇಳಿದ್ದು ಕೇಳಿ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಹಾಳು ಬೋರ್ಡು ಆಮೇಲೆ ಕೆಡಲೇ ಇಲ್ಲ.

ಕೊನೆಗೆ ಅವರನ್ನು ಕಂಡದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ. "ಎದೆ ಬಿಚ್ತಾರಂತೆ. ಮೊದ್ಲು ಸ್ವಿಚ್ ನೋಡ್ರಿ ಅಂದೆ. ಡಾಕ್ಟ್ರಿಗೆ ನಗಾಕೇ ಬರಲ್ಲ ತಂಗಿ."

ಅವರು ಹೋದ ಮೇಲೆ ಶಿವಗಣಾರಾಧನೆಯ ಪತ್ರಿಕೆ ಮಾಡಿಸಲು ಅವರ ಹೆಂಡತಿ ಬಂದರು. ಅದೇ ಕಂಪ್ಯೂಟರ್ ಒಂದೇ ಸಲಕ್ಕೆ ಎದ್ದಿತು. ಹಾಲೇಶಪ್ಪ ಎಂದು ಹೊಡೆದು, ಕೇಳದೆಯೇ ಹೆಸರಿನ ಜೊತೆ ಇಂಜಿನಿಯರ್ ಎಂದು ಸೇರಿಸಿದೆ. ಅಕ್ಕ ಪರದೆಯನ್ನೇ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಆ ಅಕ್ಷರ ಒಂಚೂರು ದಪ್ಪ ಮಾಡವ್ವ," ಎಂದರು. "ಸಣ್ಣದಾದ್ರೆ ಅವರಿಗೆ ಸಾಲಲ್ಲ."