ಬಿಳಿ ತಟ್ಟೆ

ಶಿಕಾರಿಪುರದ ಹೊರಗೆ ನನ್ನದೊಂದು ಶೆಡ್. ಅಡಿಕೆ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಊಟದ ತಟ್ಟೆ ಮಾಡುತ್ತೇವೆ. ಕೆಲಸಕ್ಕೆ ನಾಲ್ವರು ಹೆಂಗಸರು. ಮೊದಲಿನಿಂದಲೂ ಒಂದು ಪದ್ಧತಿ: ಮಧ್ಯಾಹ್ನ ಎಲ್ಲರೂ ನಾವೇ ಮಾಡಿದ ತಟ್ಟೆಯಲ್ಲಿ ಉಣ್ಣುವುದು. ನಾನೂ ಅವರ ಜೊತೆಗೇ. ನಾವು ಉಣ್ಣದ ತಟ್ಟೆ ಯಾರಿಗೂ ಕೊಡುವುದಿಲ್ಲ ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚುತ್ತಿದ್ದೆ.

ಈ ವರ್ಷ ಅವಸರಕ್ಕೆ ಬಿದ್ದು, ಸರಿಯಾಗಿ ಒಣಗದ ಹಾಳೆಯನ್ನೇ ಪೇರಿಸಿಟ್ಟೆ. ತಪ್ಪು ನನ್ನದೇ. ತಟ್ಟೆಗೆಲ್ಲ ಬೂಷ್ಟು ಹಿಡಿಯಿತು. ಸೊರಬದ ವ್ಯಾಪಾರಿ ಎರಡು ಸಲ ಮಾಲು ವಾಪಸ್ ಕಳಿಸಿ, "ಸೋಮವಾರದ ಮದುವೆಗೆ ಬಿಳೀ ತಟ್ಟೆ ಕೊಡಿ, ಇಲ್ಲಾಂದ್ರೆ ನಿಮ್ಮ ದಾರಿ ನಿಮಗೆ" ಎಂದ. ನನಗಿದ್ದ ದೊಡ್ಡ ಗಿರಾಕಿ ಅವನೊಬ್ಬನೇ. ಅವನು ಕೈಬಿಟ್ಟರೆ ಶೆಡ್ಡಿಗೆ ಬೀಗ, ನಾಲ್ವರೂ ಮನೆಗೆ. ಮೂರು ದಿನ ಹುಚ್ಚು ಹಿಡಿದವನಂತೆ ತಿರುಗಿದೆ. ದಿಕ್ಕೇ ತೋಚಲಿಲ್ಲ.

ಕಡೆಗೆ, ಹೆಂಗಸರಿಗೆ ರಜೆಯಿದ್ದ ಭಾನುವಾರ, ಬಾಗಿಲು ಹಾಕಿಕೊಂಡು ತಟ್ಟೆಗಳಿಗೆ ಗಂಧಕದ ಹೊಗೆ ಕೊಟ್ಟೆ. ಊಟದ ತಟ್ಟೆಗೆ ಅದು ಸಲ್ಲದೆಂದು ಚೆನ್ನಾಗಿ ಗೊತ್ತಿತ್ತು. ನನ್ನ ಗಂಟಲೇ ಉರಿಯುತ್ತಿತ್ತು. ಬೂಷ್ಟು ಮಾಯವಾಗಿ ತಟ್ಟೆಗಳು ಕೆನೆಯ ಹಾಗೆ ಬೆಳ್ಳಗಾದವು. ಕಟ್ಟುಗಳ ಮೇಲೆ "ಯಾವ ರಾಸಾಯನಿಕವೂ ಇಲ್ಲ" ಎಂಬ ನಮ್ಮ ಚೀಟಿಯನ್ನೂ ಅಂಟಿಸಿದೆ. ಎಂಥ ಮನುಷ್ಯ ನಾನು!

ಮರುದಿನ ಬೆಳಿಗ್ಗೆ ಟೆಂಪೊ ಸೊರಬಕ್ಕೆ ಹೋಯಿತು. ಮಧ್ಯಾಹ್ನ ಕೆಲಸದ ಹಿರಿಯಾಕೆ ಮಿಕ್ಕಿದ್ದ ಬಿಳಿ ತಟ್ಟೆಗಳನ್ನೇ ಇಟ್ಟು, ಅನ್ನ ಬಡಿಸಿ, ಬಿಸಿ ಸಾರು ಹಾಕಿದಳು. ನಾನು ನನ್ನ ಸ್ಟೀಲ್ ಡಬ್ಬಿಯಲ್ಲೇ ಉಣ್ಣಲು ಕೂತೆ.

"ಯಾಕ್ರೀ ಅಣ್ಣ, ಇವತ್ತು ನಮ್ಮ ತಟ್ಟೆ ಬ್ಯಾಡೇನು?"

ಹೊಟ್ಟೆ ಸರಿಯಿಲ್ಲ ಎಂದೆ. ಆಕೆ ನಂಬಿದಳು. ಅನ್ನ ಕಲಸಿ ತುತ್ತನ್ನು ಬಾಯಿಯ ಹತ್ತಿರ ತಂದಳು. ನನಗೆ ನೋಡಲಾಗಲಿಲ್ಲ.

"ಉಣ್ಣಬ್ಯಾಡ್ರೀ!" ಎಂದು ಕಿರುಚಿ, ಎಲ್ಲ ಹೇಳಿಬಿಟ್ಟೆ.

ಹಿರಿಯಾಕೆ ಕೈ ತೊಳೆದುಕೊಂಡು ಬಂದು ಕೇಳಿದಳು: "ಹಂಗಾರೆ ಟೆಂಪೊದಾಗ ಹೋದ ತಟ್ಟೆಗಳು?"

ಸೊರಬಕ್ಕೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ವ್ಯಾಪಾರಿ, "ಮದುವೆ ಮನೇಲೇ ಇದ್ದೀನಿ. ಒಳ್ಳೇ ಮಾಲು ಮಾರಾಯ್ರೆ!" ಎಂದ.

"ಅದರಲ್ಲಿ ಬಡಿಸಬೇಡಿ" ಎಂದೆ. "ದಮ್ಮಯ್ಯ, ಬಡಿಸಬೇಡಿ."

"ಎಂತ ಹೇಳ್ತೀರಿ? ಮೊದಲ್ನೇ ಪಂಕ್ತಿ ಆಗ್ಲೇ ಎದ್ದಾಯ್ತಲ್ರೀ. ಬರೀ ಮಕ್ಳೇ ಇದ್ರು."